ಆಬಾಸಾಹೇಬರು ಕೊಟ್ಟ ಕ್ಷಮೆ

ಮೊದಲ ಕೊಡ ಸೋಸಿ ಮುಗಿದಿತ್ತು. ಎರಡನೆಯ ಕೊಡದ ಬಾಯಿಗೆ ಬಿಳಿ ಅರಿವೆಯನ್ನು ಇಮ್ಮಡಿ ಮಡಚಿ ಕಟ್ಟಿ, ಬ್ರಾಹ್ಮಿ ಸಣ್ಣ ಧಾರೆಯಾಗಿ ನೀರು ಹೊಯ್ಯುತ್ತಿದ್ದಳು. ನಳದ ನೀರೇ ಆದರೂ ಸೋಸದೆ ಒಲೆಯ ಮೇಲಿಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಜೈನರ ಮನೆಯಲ್ಲಿ ಹುಟ್ಟಿ ಜೈನರ ಮನೆಗೇ ಸೊಸೆಯಾಗಿ ಬಂದವಳಿಗೆ ಅದು ಯೋಚಿಸಿ ಮಾಡುವ ಕೆಲಸವಾಗಿ ಉಳಿದಿರಲಿಲ್ಲ. ಅಂದು ದಶಲಕ್ಷಣ ಪರ್ವದ ಕೊನೆಯ ದಿನ. ಅತ್ತೆ ಕಮಲಾಬಾಯಿ ಪರ್ವದ ಉದ್ದಕ್ಕೂ ಒಪ್ಪತ್ತು ಹಿಡಿದು ಸೊರಗಿದ್ದಳು. ದನಿ ಮಾತ್ರ ಸೊರಗಿರಲಿಲ್ಲ.

ಮೈದುನ ಶ್ರೇಣಿಕ ಚಪ್ಪಲಿ ಬಿಟ್ಟವನೇ ಸೀದಾ ಅಡುಗೆಮನೆಗೆ ಬಂದು, ಕೈಯಲ್ಲಿದ್ದ ಪೇಪರನ್ನು ಕೊಡದ ಪಕ್ಕಕ್ಕೆ ಎಸೆದ. ಅದರ ಒಂದು ಮೂಲೆ ನೀರಿಗೆ ಬಿದ್ದು ನೆನೆಯತೊಡಗಿತು.

"ವೈನಿ, ನೀವು ಬರದದ್ದು ನಾ ಓದಿಲ್ಲ. ನನಗ ಓದಿ ಹೇಳ್ಯಾರ. ಆಬಾಸಾಹೇಬರ ಮನ್ಯಾಗ, ಮಂದಿ ಮುಂದ ಕುಂದರಿಸಿ, ಒಂದೊಂದ ಸಾಲು ನಿಲ್ಲಿಸಿ ನಿಲ್ಲಿಸಿ."

ಆಬಾಸಾಹೇಬರೆಂದರೆ ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾರೂ ಎದುರು ಮಾತಾಡದ ಮುಖಂಡರು. ಬೆಂಗಳೂರಿನಲ್ಲಿ ಸರಕಾರ ಯಾರದೇ ಇರಲಿ, ಅವರ ಕಾರು ಆ ಸರಕಾರದ ಅಂಗಳದಲ್ಲೇ ನಿಂತಿರುತ್ತಿತ್ತು. ನೀರಾವರಿ ಕೆಲಸ ಯಾವ ಗುತ್ತಿಗೆದಾರನಿಗೆ ಹೋಗಬೇಕು, ಯಾರ ಬಿಲ್ಲು ಯಾವಾಗ ಪಾಸಾಗಬೇಕು ಎಂಬುದು ಅವರ ಬಾಯಿಂದ ಬರಬೇಕು. ಶ್ರೇಣಿಕ ಅಂಥ ಒಬ್ಬ ಗುತ್ತಿಗೆದಾರ. ಅವನ ದೊಡ್ಡ ಬಿಲ್ಲೊಂದು ಬಹಳ ದಿನದಿಂದ ನಿಂತಿತ್ತು.

ಬ್ರಾಹ್ಮಿ ಚಿಕ್ಕೋಡಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದಳು. ಬೀಗರು ಬಂದಾಗ ಕಮಲಾಬಾಯಿ 'ನಮ್ಮ ಸೊಸಿ ಡಾಕ್ಟರೇಟ್ ಮಾಡ್ಯಾಳ' ಎಂದು ಅವಳನ್ನು ಪಡಸಾಲೆಗೆ ಕರೆದು ತೋರಿಸುವುದಿತ್ತು. ತೋರಿಸಿದ ಮೇಲೆ ಚಹಾ ತರಲು ಒಳಗೆ ಕಳಿಸುವುದೂ ಇತ್ತು. ಇಷ್ಟು ವರ್ಷ ಅವಳ ಓದಿನಿಂದ ಮನೆಗೆ ಸಿಕ್ಕಿದ್ದು ಮರ್ಯಾದೆ. ಅದರಿಂದ ನಷ್ಟವೂ ಆಗಬಹುದೆಂದು ಯಾರೂ ಎಣಿಸಿರಲಿಲ್ಲ.

ಅವಳು ಬರೆದದ್ದು ಪೇಪರಿನ ಅರ್ಧ ಪುಟ. ಸರಕಾರ ಸಾಲ ಮಾಡುವುದು ತಪ್ಪಲ್ಲ, ಯಾತಕ್ಕೆ ಮಾಡಿತು, ಯಾರ ತಲೆಯ ಮೇಲೆ ಹೊರಿಸಿತು ಎಂಬುದನ್ನು ಕೇಳಬೇಕು ಎಂದು ಶುರುಮಾಡಿದ್ದಳು. ರಾಜ್ಯದ ಬೊಕ್ಕಸ ಬರಿದಾಗಿದ್ದಕ್ಕೆ ಹೆಂಗಸರ ಖಾತೆಗೆ ಹೋಗುವ ಎರಡು ಸಾವಿರವೇ ಕಾರಣವೆಂದು ಕಟ್ಟೆಯ ಮೇಲೆ ಕೂತ ಗಂಡಸರೆಲ್ಲ ಹೇಳುತ್ತಾರೆ. ಆ ದುಡ್ಡು ಬಜೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿದೆ, ಬೇಕಾದವರು ಅದರ ಮೇಲೆ ಜಗಳವಾಡಲಿ. ಆದರೆ ನಿಗಮಗಳ ಹೆಸರಿನಲ್ಲಿ, ಸರಕಾರದ ಜಾಮೀನಿನ ಮೇಲೆ ಎತ್ತುವ ಸಾಲ ಬಜೆಟ್ಟಿನ ಮುಖ್ಯ ಲೆಕ್ಕದೊಳಗೆ ಬರುವುದಿಲ್ಲ. ನಿಗಮಕ್ಕೆ ಸ್ವಂತ ಆದಾಯ ಇಲ್ಲದಾಗ ತೀರಿಸಬೇಕಾದದ್ದು ಮಾತ್ರ ಅದೇ ಬೊಕ್ಕಸ. ಆ ಸಾಲದಲ್ಲಿ ನೀರು ಕಾಣದ ಕಾಲುವೆ ತೋಡಿದವರು ಯಾರು, ಒಂದೇ ರಸ್ತೆಗೆ ಮತ್ತೆ ಮತ್ತೆ ಡಾಂಬರು ಬಳಿದವರು ಯಾರು? ಇಂದು ರಾಜ್ಯ ದಿವಾಳಿ ಎಂದು ಕೂಗುವ ವಿರೋಧಿಗಳು ತಾವು ಆಳುವಾಗ ಬಿಟ್ಟುಹೋದ ಬಾಕಿಯ ಮಾತೆತ್ತುವುದಿಲ್ಲ. ದಿಲ್ಲಿಯವರು ಸೆಸ್ಸು, ಸರ್‌ಚಾರ್ಜು ಎಂದು ಎತ್ತಿದ್ದರಲ್ಲಿ ರಾಜ್ಯಕ್ಕೆ ಪಾಲು ಕೊಡದೆ, ಮೇಲಿಂದ ಮಿತವ್ಯಯದ ಉಪದೇಶ ಮಾಡುತ್ತಾರೆ. ಹೀಗೆ ಯಾರನ್ನೂ ಬಿಟ್ಟಿರಲಿಲ್ಲ. ಓದಿದವರೆಲ್ಲ ತಮಗೆ ಬೇಕಾದ ಸಾಲನ್ನಷ್ಟೇ ಹರಿದುಕೊಂಡು ಹೋದರು. ಬಜೆಟ್ಟನ್ನು ಓದುವವರಿಗಿಂತ ಬಜೆಟ್ಟನ್ನು ಉಣ್ಣುವವರೇ ಹೆಚ್ಚಿದ್ದ ಊರು ಅದು.

ಶ್ರೇಣಿಕನಿಗೆ ಬೇಕಾದದ್ದು ಒಂದೇ. ಬರುವ ರವಿವಾರ ನಿಪ್ಪಾಣಿಯಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕರ ಸಭೆಯಿತ್ತು. ಬ್ರಾಹ್ಮಿ ಅಲ್ಲಿ ಈ ವಿಷಯದ ಪೂರ್ತಿ ಪ್ರಬಂಧ ಓದುವವಳಿದ್ದಳು. ಅವಳು ಹೋಗಕೂಡದು. ಹೋದರೆ ತನ್ನ ಬಿಲ್ಲು ಈ ಜನ್ಮದಲ್ಲಿ ಆಗುವುದಿಲ್ಲವೆಂದು ಅವನು ಸುತ್ತಿ ಬಳಸಿ ಹೇಳಿದ. ಕಕ್ಷಿಗಾರನ ಫೈಲು ಕಂಕುಳಲ್ಲಿಟ್ಟುಕೊಂಡು ಕೋರ್ಟಿಗೆ ಹೊರಟಿದ್ದ ಅವಳ ವಕೀಲ ಗಂಡ ಸಂದೇಶ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ.

"ನೀ ಬರದದ್ದು ಖರೇ ಐತಿ," ಎಂದ. "ಆದ್ರ ಖರೇ ಇದ್ದದ್ದೆಲ್ಲಾ ಬಾಯಿಬಿಟ್ಟ ಹೇಳಬೇಕಂತ ಯಾವ ಕಾಯ್ದೇದಾಗೂ ಇಲ್ಲ."

ಅಷ್ಟು ಹೇಳಿ ಗಾಡಿ ತೆಗೆದು ಹೋದ. ಮದುವೆಯಾದಾಗಿನಿಂದ ಅವನು ಹೀಗೆಯೇ, ಎರಡೂ ಕಡೆಯ ವಕಾಲತ್ತು ವಹಿಸಿ ಜಾಗ ಖಾಲಿ ಮಾಡುವವನು. ಒಮ್ಮೆಯಾದರೂ ಅವನು ತಪ್ಪು ಪಕ್ಷವನ್ನಾದರೂ ಹಿಡಿದು ನಿಂತಿದ್ದರೆ ತಾನು ಅವನ ಜೊತೆ ಜಗಳವಾಡಬಹುದಿತ್ತು ಎಂದು ಬ್ರಾಹ್ಮಿಗೆ ಅನಿಸುತ್ತಿತ್ತು. ಜಗಳಕ್ಕೂ ಸಿಗದ ಗಂಡನ ಜೊತೆ ಬಾಳುವ ದಣಿವು ಬೇರೆಯವರಿಗೆ ಹೇಳಿದರೆ ತಿಳಿಯುವಂಥದಲ್ಲ.

ಕಮಲಾಬಾಯಿ ಜಪಮಾಲೆ ಹಿಡಿದೇ ಒಳಗೆ ಬಂದಳು. ನಿಪ್ಪಾಣಿಯ ಸುದ್ದಿಯನ್ನೇ ಎತ್ತಲಿಲ್ಲ. ಮರುದಿನ ಕ್ಷಮಾವಾಣಿ, ಕಾಲೇಜಿಗೆ ರಜೆ ಹಾಕಿ ಬಸ್ತಿಗೆ ದರ್ಶನಕ್ಕೆ ಬಾ, ವರ್ಷದ ಸಿಟ್ಟನ್ನೆಲ್ಲ ಅಲ್ಲೇ ಬಿಟ್ಟು ಬರೋಣ ಎಂದಳು. ಹಸಿದ ಮುದುಕಿ ಅಷ್ಟು ಮೆತ್ತಗೆ ಕೇಳಿದಾಗ ಬ್ರಾಹ್ಮಿಗೆ ಇಲ್ಲವೆನ್ನಲು ಕಾರಣವಿರಲಿಲ್ಲ. ಆ ದಿನದ ಮೇಲೆ ಅವಳಿಗೆ ಪ್ರೀತಿಯೂ ಇತ್ತು. ಇಡೀ ವರ್ಷದಲ್ಲಿ ಗಂಡಸರು ಹೆಂಗಸರಿಗೆ, ಅತ್ತೆ ಸೊಸೆಗೆ, ಮಾಲೀಕ ಆಳಿಗೆ ತಲೆಬಾಗಿ ತಪ್ಪಾಗಿದ್ದರೆ ಕ್ಷಮಿಸು ಎನ್ನುವ ದಿನ ಅದೊಂದೇ.

ಮರುದಿನ ಬಸ್ತಿಯಲ್ಲಿ ಅಭಿಷೇಕ ಮುಗಿದು ಜನ ಒಬ್ಬರಿಗೊಬ್ಬರು ಎದುರಾಗಿ ಕೈಮುಗಿಯುತ್ತಿದ್ದರು. ಗಂಧೋದಕ ಹಚ್ಚಿಕೊಂಡ ಹಣೆಗಳು ಒದ್ದೆಯಾಗಿದ್ದವು. ಎಲ್ಲ ಕಡೆ 'ಉತ್ತಮ ಕ್ಷಮಾ, ಉತ್ತಮ ಕ್ಷಮಾ' ಎಂಬ ಗುಜುಗುಜು. ಆಬಾಸಾಹೇಬರು ಬಿಳಿ ಧೋತರದ ಮೇಲೆ ಶಲ್ಯ ಹೊದ್ದು ಕಂಬದ ಹತ್ತಿರ ನಿಂತಿದ್ದರು. ಸಾಲು ಸರಿಯುತ್ತಾ ಸರಿಯುತ್ತಾ ಬ್ರಾಹ್ಮಿ ಅವರ ಮುಂದೆ ಬಂದಳು. ಪಕ್ಕದಲ್ಲೇ ಇದ್ದ ಕಮಲಾಬಾಯಿ ಹಿಂದಕ್ಕೆ ಸರಿದಳು. ಬ್ರಾಹ್ಮಿ ಹಿಂದೆಮುಂದೆ ನೋಡಲಿಲ್ಲ. ನೂರಾರು ಜನರಿಗೆ ಮುಗಿದ ಕೈಗಳು ತಾವಾಗಿ ಕೂಡಿದವು, ತಲೆ ಬಾಗಿತು.

"ಉತ್ತಮ ಕ್ಷಮಾ. ಏನಾರ ತಪ್ಪಾಗಿದ್ರ ಕ್ಷಮಾ ಮಾಡ್ರಿ."

ಇದಕ್ಕೆ ಉತ್ತರ ಒಂದೇ. ಎದುರಿನವರೂ ಕೈಮುಗಿದು ಅದೇ ಮಾತನ್ನು ತಿರುಗಿ ಹೇಳಬೇಕು. ಆ ದಿನ ಕೇಳುವವರಷ್ಟೇ ಇರುತ್ತಾರೆ, ಕೊಡುವವನೊಬ್ಬ ಎತ್ತರದಲ್ಲಿ ಇರುವುದಿಲ್ಲ. ಅಷ್ಟು ತಿಳಿಯದ ಮಗು ಆ ಬಸ್ತಿಯಲ್ಲಿರಲಿಲ್ಲ. ಆಬಾಸಾಹೇಬರು ಕೈಮುಗಿಯಲಿಲ್ಲ. ಬಲಗೈ ಎತ್ತಿ, ಆಶೀರ್ವಾದ ಮಾಡುವವರಂತೆ ಅವಳ ತಲೆಯ ಮೇಲೆ ಹಿಡಿದರು.

"ಇರ್ಲಿ ತಗೋ ತಂಗಿ. ಮಾಡೇನಿ."

ತಲೆಯೆತ್ತಿದಾಗ ಅವಳಿಗೆ ಕಂಡದ್ದು ಕಂಬದ ಮರೆಯಲ್ಲಿ ಮೊಬೈಲು ಹಿಡಿದು ನಿಂತಿದ್ದ ಶ್ರೇಣಿಕ. ಅತ್ತೆ ಯಾಕೆ ಹಿಂದೆ ಸರಿದಳೆಂದು ಆಗ ತಿಳಿಯಿತು. ಚಿತ್ರದಲ್ಲಿ ಸೊಸೆಯೊಬ್ಬಳೇ ಇರಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ ಆ ವಿಡಿಯೋ ರಾಯಬಾಗ, ಅಥಣಿಯ ಮೊಬೈಲುಗಳನ್ನೂ ಮುಟ್ಟಿತ್ತು. ಸರಕಾರದ ಸಾಲದ ಬಗ್ಗೆ ಸುಳ್ಳು ಬರೆದ ಮೇಡಮ್ ಬಸ್ತಿಯಲ್ಲಿ ತಪ್ಪೊಪ್ಪಿಕೊಂಡರು ಎಂದು ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಹಿಂದೆ ಯಾವುದೋ ಸಿನಿಮಾದ ಸಂಗೀತವನ್ನೂ ಹಾಕಿದ್ದರು. ಹಳೆಯ ವಿದ್ಯಾರ್ಥಿನಿಯೊಬ್ಬಳು ಏನೂ ಬರೆಯದೆ ಅದನ್ನಷ್ಟೇ ಕಳಿಸಿದ್ದಳು. ಆ ಮೌನ ಬ್ರಾಹ್ಮಿಯನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಪ್ರಾಚಾರ್ಯರು ಫೋನು ಮಾಡಿ, ಒಳ್ಳೆಯದೇ ಆಯಿತು, ಇನ್ನು ನಿಪ್ಪಾಣಿಯಲ್ಲಿ ಓದುವ ಪ್ರಮೇಯವೇ ಬರುವುದಿಲ್ಲವಲ್ಲ ಎಂದು ಸಮಾಧಾನ ಹೇಳಿದರು.

ತಾನು ಹಾಗೆ ಕ್ಷಮೆ ಕೇಳಿಲ್ಲವೆಂದು ಪೇಪರಿಗೆ ಬರೆಯೋಣವೆಂದು ಅವಳು ಕೂತಳು. ನಾಲ್ಕು ಸಾಲು ಬರೆದು ಹೊಡೆದು ಹಾಕಿದಳು. ಕ್ಷಮಾವಾಣಿಯ ದಿನ ಆಡಿದ ಮಾತು ಮನಸ್ಸಿನಿಂದ ಬಂದದ್ದಲ್ಲ ಎಂದರೆ ಬಸ್ತಿಯಲ್ಲಿ ಕೈಮುಗಿದ ಅಷ್ಟೂ ಜನರನ್ನು ಅವಮಾನಿಸಿದಂತೆ. ಮನಸ್ಸಿನಿಂದ ಬಂದದ್ದು ಎಂದರೆ ಕೆಂಪಕ್ಷರವೇ ನಿಜವಾಗುತ್ತದೆ. ಶ್ರೇಣಿಕನಿಗೆ ಇಷ್ಟು ಬುದ್ಧಿ ಇರಲಿಲ್ಲ. ಈ ಬಲೆಯನ್ನು ಹೆಣೆದವರು ಧರ್ಮ ಬಲ್ಲವರು, ಆ ಧರ್ಮವನ್ನು ಎಲ್ಲಿ ಮಡಚಿದರೆ ಜೇಬಿಗೆ ಹಿಡಿಯುತ್ತದೆಂದೂ ಬಲ್ಲವರು.

ಮೂರು ದಿನ ಅವಳು ಯಾರ ಜೊತೆಗೂ ಆ ಮಾತೆತ್ತಲಿಲ್ಲ. ಮನೆಯವರು ಅದನ್ನು ಒಪ್ಪಿಗೆ ಎಂದುಕೊಂಡರು. ಕಮಲಾಬಾಯಿ ಅವಳನ್ನು ಹೆಚ್ಚು ಮರ್ಯಾದೆಯಿಂದ ಊಟಕ್ಕೆ ಕರೆಯತೊಡಗಿದಳು.

ಶುಕ್ರವಾರ ಸಂಜೆ ಶ್ರೇಣಿಕ ಪೇಡೆಯ ಡಬ್ಬಿ ಹಿಡಿದು ಬಂದ. ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆ ಅದು. ಎಲ್ಲರೂ ತಾಟಿನ ಮುಂದೆ ಕೂತಿದ್ದರು, ಬ್ರಾಹ್ಮಿ ಬಡಿಸುತ್ತಿದ್ದಳು. ಅವನು ಪೇಡೆಯನ್ನು ತಾನೇ ಅವಳ ಕೈಗಿಟ್ಟ.

"ಬಿಲ್ಲು ಆತ್ರಿ ವೈನಿ. ನಿಮ್ಮ ಪುಣ್ಯಾ."

ರೊಕ್ಕ ಎಲ್ಲಿಂದ ಬಂತೆಂದು ಅವಳು ಕೇಳಿದಳು. ಕೇಳುವಾಗ ಅವಳ ದನಿ ತರಗತಿಯಲ್ಲಿ ಕೇಳುವಷ್ಟು ಸಪಾಟಾಗಿತ್ತು.

"ನಿಗಮದಾಗ ಹೊಸ ಸಾಲ ಮಂಜೂರ ಆಗೈತಿ. ಅದರಾಗ ಮೊದಲನೇ ಬಿಲ್ಲ ನಮ್ಮದ."

"ಪಂಪ್ ಬಂದಾವೇನು?"

ಅವನು ನಕ್ಕ. "ಪಂಪಿಂದು ಬ್ಯಾರೆ ಟೆಂಡರ್ ಅಲ್ರಿ. ನಮ್ಮದು ಬರೇ ಪೈಪ್."

ಆ ಕೆಲಸವನ್ನು ಬ್ರಾಹ್ಮಿ ಕಣ್ಣಾರೆ ನೋಡಿದ್ದಳು. ಅಥಣಿಯ ಆಚೆ ಒಣಭೂಮಿಗೆ ಕೃಷ್ಣಾ ನೀರು ಎತ್ತುವ ಸಣ್ಣ ಏತ ನೀರಾವರಿ ಅದು. ಪೈಪುಗಳು ಹೊಲದ ಅಡಿಯಲ್ಲಿ ಮಲಗಿದ್ದವು. ಪಂಪ್‌ಹೌಸಿನೊಳಗೆ ಯಂತ್ರವಿರಬೇಕಾದಲ್ಲಿ ಕುರಿಗಳು ನೆರಳಿಗೆ ಕೂತಿದ್ದವು. ಹೊಲದ ಹೆಂಗಸೊಬ್ಬಳು ತನ್ನ ಭೂಮಿಯನ್ನು ಅಗೆದವರು ಮಣ್ಣನ್ನು ಸರಿಯಾಗಿ ಮುಚ್ಚಲಿಲ್ಲವೆಂದು ಬೈದಿದ್ದಳು, ನೀರಿನ ಆಸೆಯನ್ನಂತೂ ಅವಳು ಆಗಲೇ ಬಿಟ್ಟಿದ್ದಳು. ಊರೂರು ತಿರುಗಿ ಇಂಥವನ್ನೆಲ್ಲ ಪ್ರಬಂಧದಲ್ಲಿ ಬರೆದ ಬ್ರಾಹ್ಮಿ, ಇದೊಂದನ್ನು ಮಾತ್ರ ಬಿಟ್ಟಿದ್ದಳು. ಯಾರೂ ಬಿಡೆಂದು ಹೇಳಿರಲಿಲ್ಲ. ಮನೆಯವನ ಕೆಲಸವೆಂದು ಕೈ ತಾನಾಗಿಯೇ ಅದನ್ನು ದಾಟಿ ಮುಂದಕ್ಕೆ ಹೋಗಿತ್ತು. ಹೆಸರಿಲ್ಲದವರ ಮೇಲೆ ಅಷ್ಟು ಸಿಟ್ಟು ಸುರಿದವಳು ಹೆಸರು ಗೊತ್ತಿದ್ದಲ್ಲಿ ಸುಮ್ಮನಾಗಿದ್ದಳು.

ಈಗ ತಾನು ಬಾಗಿಸಿದ ತಲೆಯೂ ಆ ಸಾಲದೊಳಗೆ ಸೇರಿತು. ಸರಕಾರದ ಯಾವ ಲೆಕ್ಕದಲ್ಲೂ ಅದು ಕಾಣುವುದಿಲ್ಲ.

"ನಿಪ್ಪಾಣಿಯವ್ರಿಗೆ ಬರೂದಿಲ್ಲಂತ ಒಂದ ಫೋನ್ ಹಚ್ಚಿಬಿಡು," ಎಂದ ಸಂದೇಶ, ತಾಟಿನಿಂದ ತಲೆಯೆತ್ತದೆ. "ಸುಮ್ನ ಯಾಕ ಎಳದಾಡೂದು."

ಬ್ರಾಹ್ಮಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಕಮಲಾಬಾಯಿ ಸೊಸೆಯ ಮುಖವನ್ನೊಮ್ಮೆ ನೋಡಿ, ಅಲ್ಲಿ ಏನೂ ಕಾಣದೆ ನಿಶ್ಚಿಂತೆಯಿಂದ ಪೇಡೆ ಮುರಿದುಕೊಂಡಳು.

ರವಿವಾರ ಮೊದಲನೆಯ ಬಸ್ಸು ಹಿಡಿದರೆ ಸಭೆ ಶುರುವಾಗುವ ಮೊದಲೇ ನಿಪ್ಪಾಣಿ ಸೇರಬಹುದು. ನಾಳೆ ಕಾಲೇಜಿನಲ್ಲಿ ಕೂತು ಆ ಬಿಟ್ಟ ಭಾಗವನ್ನು ಬರೆಯಬೇಕು. ಊರಿನ ಹೆಸರು, ನಿಗಮದ ಹೆಸರು, ಪೈಪು ಹಾಕಿದ ಗುತ್ತಿಗೆದಾರನ ಹೆಸರು, ಅವನು ತನಗೆ ಏನಾಗಬೇಕು ಎಂಬುದೂ. ಆಮೇಲೆ ಈ ಮನೆಯಲ್ಲಿ ಅವಳ ಜೊತೆ ಯಾರೂ ಬಹಳ ದಿನ ಮಾತಾಡಲಿಕ್ಕಿಲ್ಲ. ಬರುವ ವರ್ಷ ಶ್ರೇಣಿಕನ ಮುಂದೆ ನಿಂತು ಕ್ಷಮಾ ಕೇಳಬೇಕಾದೀತು. ಕೇಳುತ್ತಾಳೆ. ಕೇಳಲು ಆಗ ಒಂದು ನಿಜವಾದ ಕಾರಣವಾದರೂ ಇರುತ್ತದೆ.

ಹೊರಗೆ ಬಿಸಿಲು ಗೋಡೆಯ ತುದಿಗೆ ಏರಿತ್ತು. ಬೆಳಕು ಇನ್ನೂ ಸ್ವಲ್ಪ ಉಳಿದಿರುವಾಗಲೇ ಅವಳು ತನ್ನ ತಾಟು ಎಳೆದುಕೊಂಡು ಊಟಕ್ಕೆ ಕೂತಳು.