ಕಾಳಿಲ್ಲದೆ ತಿರುಗಿದ ಬೀಸುಕಲ್ಲು

“ನಮ್ಮವ್ವ ಎಂದ ಸಾಯತಾಳಂತ ಕಾಯಾಕತ್ತೀಯೇನ?”

ಸಂಪಗಾಂವದ ಬಾವಿಕಟ್ಟೆಯಲ್ಲಿ ಏಳೆಂಟು ಹೆಂಗಸರ ಎದುರಿಗೇ ಭರಮಪ್ಪ ಹೆಂಡತಿ ಸತ್ಯವ್ವನಿಗೆ ಹೀಗೆ ಅಂದ. ಆಕೆ ಕೇಳಿದ್ದು ಇಷ್ಟೇ: “ಹಗಲೊತ್ತು ಸೂಲಗಿತ್ತಿ ಕಾಶಿಂಬಿ ಚಿಗವ್ವನ್ನ ಕರಸೂಣ್ರಿ. ಅತ್ತಿನ್ನ ಎತ್ತಾಕ ನನ್ನ ಒಬ್ಬಾಕಿ ಕೈಲೆ ಆಗವಲ್ದು.”

“ಸೊಸಿ ಇದ್ದ ಮನಿಗೆ ಕೂಲಿಯಾಕಿ? ಮಂದಿ ಉಗಳತಾರ!”

ಪ್ಲೇಗಿಗೆ ಹೆದರಿ ಊರು ಬಿಟ್ಟವರು ತಿರುಗಿ ಬಂದ ವರ್ಷವದು. ಭರಮಪ್ಪನ ತಾಯಿ ಇಂದ್ರವ್ವನಿಗೆ ಲಕ್ವ ಹೊಡೆದು ನಾಲ್ಕು ತಿಂಗಳಾಗಿತ್ತು. ಬಲಗೈ, ಬಲಗಾಲು ಬಿದ್ದಿದ್ದವು. ಮಾತು ನಿಂತಿತ್ತು. ಕಣ್ಣು ಮಾತ್ರ ಸೊಸೆಯ ಹಿಂದೆ ತಿರುಗುತ್ತಿದ್ದವು. ಉಣಿಸುವುದು, ಹೊಲಸು ಬಳಿಯುವುದು, ಮಗ್ಗುಲು ಹೊರಳಿಸುವುದು, ಅದರ ಮೇಲೆ ರೊಟ್ಟಿ, ದನ, ಸಗಣಿ. ಎಲ್ಲಕ್ಕೂ ಸತ್ಯವ್ವ ಒಬ್ಬಳೇ. ಭರಮಪ್ಪ ದಿನಾ ಹೊಸ್ತಿಲಲ್ಲಿ ನಿಂತು ತಾಯಿಗೆ ಕೈಮುಗಿದು ಹೊಲಕ್ಕೆ ಹೋಗುತ್ತಿದ್ದ. ಊರು ಅದನ್ನೇ ಭಕ್ತಿ ಎನ್ನುತ್ತಿತ್ತು!

ಒಂದು ದಿನ ಮಟಮಟ ಮಧ್ಯಾಹ್ನ ಆ ಮನೆಯಿಂದ ಬೀಸುಕಲ್ಲಿನ ಸದ್ದು ಬಂತು. ಕಾಳು ಬಿದ್ದ ಸದ್ದಲ್ಲ; ಕಲ್ಲಿಗೆ ಕಲ್ಲು ಉಜ್ಜುವ ಸದ್ದು. ನೆರೆಮನೆಯ ಶೆಟ್ಟೆವ್ವ ಇಣುಕಿದಳು. ಸತ್ಯವ್ವ ಖಾಲಿ ಕಲ್ಲು ತಿರುಗಿಸುತ್ತಿದ್ದಳು. ಕಣ್ಣು ತೆರೆದಿದ್ದವು, ಯಾರನ್ನೂ ನೋಡುತ್ತಿರಲಿಲ್ಲ. ಬಾಯಿ ಅತ್ತೆಯ ಬಾಯಿಯ ಹಾಗೇ ಒಂದು ಕಡೆ ಸೊಟ್ಟಗಾಗಿತ್ತು. ನಡುನಡುವೆ ಕಲ್ಲು ಬಿಟ್ಟು, ಯಾರೂ ಇಲ್ಲದ ಜಾಗಕ್ಕೆ ಬರಿಗೈ ಚಾಚಿ, “ಇನ್ನೊಂದ ತುತ್ತು, ಯವ್ವಾ” ಎನ್ನುತ್ತಿದ್ದಳು.

“ಮುದುಕಿ ಜೀವ ಸೊಸಿ ಮೈಯಾಗ ಹೊಕ್ಕೈತಿ!” ಎಂದು ಶೆಟ್ಟೆವ್ವ ಚೀರಿದಳು.

ಅಂಗಳ ತುಂಬಿತು. ಯಾರೋ ಭಂಡಾರದ ಅರಿಶಿನ ಎರಚಿದರು. ಇನ್ನೊಬ್ಬರು ಕೈಮುಗಿದು, “ನಮ್ಮ ಎಮ್ಮಿ ತಪ್ಪಿಸ್ಕೊಂಡೈತಿ, ಯಾ ದಿಕ್ಕಿಗೆ ಹೋತು ಹೇಳವ್ವಾ” ಅಂದರು. ಹೊಲದಿಂದ ಓಡಿ ಬಂದ ಭರಮಪ್ಪ ಹೆಂಡತಿಯ ಕಾಲಿಗೇ ಬಿದ್ದ: “ಯವ್ವಾ, ತಪ್ಪಾತು!”

ಆಗ ಕಾಶಿಂಬಿ ಬಂದಳು. ಊರಿನ ಸೂಲಗಿತ್ತಿ, ಬಾಣಂತಿಯರಿಗೆ ಎರೆಯುವವಳು. ಜನರನ್ನು ಸರಿಸಿ ಸತ್ಯವ್ವನ ಕೈ ಹಿಡಿದು ನೋಡಿದಳು. ಅಂಗೈ ಸುಲಿದು ರಕ್ತ ಬಂದಿತ್ತು.

“ದೆವ್ವನೂ ಅಲ್ಲ, ದೇವರೂ ಅಲ್ಲ. ಈ ಹುಡುಗಿ ಮಲಗಿ ಎಷ್ಟ ದಿನಾ ಆತು?”

ಯಾರಿಗೂ ಗೊತ್ತಿರಲಿಲ್ಲ. ಗಂಡನಿಗೂ.

ಪಡಸಾಲೆಯ ಕತ್ತಲೆಯಲ್ಲಿ ಮುದುಕಿ ಮಲಗಿದ್ದ ಹೊರಸು ಕಿರುಗುಟ್ಟಿತು. ಇಂದ್ರವ್ವ ಎಡಗೈ ಎತ್ತಿದ್ದಳು. ಐದೂ ಬೆರಳು ಬಿಚ್ಚಿ ಮಗನ ಕಡೆ ಹಿಡಿದಿದ್ದಳು. ಅವನು ನೋಡುವ ತನಕ ಇಳಿಸಲಿಲ್ಲ.

“ಕಂಡ್ಯಾ? ಐದು ರಾತ್ರಿ,” ಅಂದಳು ಕಾಶಿಂಬಿ. “ಹಿಂಗ ಬಿಟ್ರ ನಿಮ್ಮನ್ಯಾಗ ಎರಡು ಹೊರಸು ಬೇಕಾಗತಾವು, ತಮ್ಮಾ.”

“ಆದ್ರ ನಮ್ಮವ್ವನ ಮೈ ಹೊರಗಿನವರು ಮುಟ್ಟಿದ್ರ...”

“ನೀ ಹುಟ್ಟಿದಾಗ ನಿನ್ನ ಮೊದಲ ಮುಟ್ಟಿದ್ದ ಯಾರ ಕೈ? ಬಾಣಂತನಕ್ಕ ಕರದಾಗ ಹೋಗದ ಮರ್ಯಾದಿ ಈಗ ಹೋಗತೈತಿ? ಹಗಲು ನಾ ನೋಡ್ಕೋತೇನಿ. ರಾತ್ರಿ ನೀ ಏಳು. ನಿನ್ನ ಹೇಣ್ತಿ ಮಲಗಲಿ. ಬಾ ಇಲ್ಲಿ, ಹಿಡಿ.”

ಭರಮಪ್ಪ ಮೊದಲ ಸಲ ತಾಯಿಯನ್ನು ಹೊರಳಿಸಿದ. ಬೆನ್ನಿನಲ್ಲಿ ಅಂಗೈಯಗಲ ಹುಣ್ಣು. ನಾತಕ್ಕೆ ಮುಖ ತಿರುಗಿಸಲು ಹೋದವನು ತಿರುಗಿಸಲಿಲ್ಲ.

“ನಾಳಿಂದ ಬರ್ರಿ, ಚಿಗವ್ವಾ.”

“ನಾಳಿಂದ ಯಾಕ? ಹೋಗು, ನೀರು ಕಾಸು.”

ಕೇಳುವ ಅಣ್ಣಗಳಿರಾ, ಹಾಸಿಗೆ ಹಿಡಿದವರು ನಿಮ್ಮ ಮನೆಯಲ್ಲೂ ಇದ್ದಾರು. ಅವರನ್ನು ನೋಡಿದ ಮೇಲೆ, ಅವರನ್ನು ನೋಡಿಕೊಳ್ಳುವವಳ ಮುಖವನ್ನೂ ನೋಡಿ. ಆಕೆ ನಿಂತಲ್ಲೇ ತೂಕಡಿಸಿದರೆ, ಒಲೆ ಉರಿಯುವುದನ್ನು ಮರೆತರೆ, ರೋಗಿಯ ಬೆನ್ನು ಕೆಂಪಾದರೆ, ಅಂದೇ ಇನ್ನೊಂದು ಕೈ ಕರೆಯಿರಿ. ಕೆಲಸ ಬಲ್ಲ, ನಂಬಿಗಸ್ತರನ್ನು ಗೊತ್ತು ಮಾಡಿ; ದುಡಿತಕ್ಕೆ ತಕ್ಕ ಜೋಳ ಕೊಡಿ; ಮೊದಲ ದಿನಗಳಲ್ಲಿ ನೀವೂ ಜೊತೆಗೆ ನಿಲ್ಲಿ. ಕೂಲಿ ಕೊಟ್ಟೆವೆಂದು ನೀವು ಕೈ ತೊಳೆದುಕೊಳ್ಳಬೇಡಿ. ಮಾನ ಉಳಿಯಿತೆಂದು ಮೀಸೆ ತಿರುವುವ ಮೊದಲು, ಅದು ಯಾರ ಬೆನ್ನ ಮೇಲೆ ಉಳಿಯಿತು ಎಂದು ನೋಡಿ!

ಮೂರು ವಾರದ ಮೇಲೆ ಚಾವಡಿಯ ಮುಂದೆ ಭರಮಪ್ಪನ ದೊಡ್ಡಪ್ಪ ಶಟ್ಟೆಪ್ಪ ಹತ್ತು ಮಂದಿಯ ನಡುವೆ ಕೂಗಿದ: “ಏನಲೇ ಭರಮ್ಯಾ, ಹಡದಾಕಿನ್ನ ಕೂಲಿಯವರ ಕೈಯಾಗ ಹಾಕಿ ಆರಾಮ ತಿರಗಾಕತ್ತೀಯಲ್ಲ!”

ಜನ ನಕ್ಕರು. ಭರಮಪ್ಪನ ಬಾಯಿಗೆ ಮಾತು ಬಂದಿತ್ತು. ಆದರೆ ಹೊತ್ತು ಮುಳುಗುತ್ತಿತ್ತು. ಕಾಶಿಂಬಿ ಮನೆಗೆ ಹೋಗುವ ಹೊತ್ತು. ಇನ್ನು ಅವ್ವನನ್ನು ಹೊರಳಿಸುವ ಪಾಳಿ ಅವನದು. ಅವನು ಮನೆಯ ಕಡೆ ನಡೆದುಬಿಟ್ಟ.