ಆನೆಯ ಬೆಲೆ

ಟಿಕ್ ಟಿಕ್ ಟಿಕ್, ಎಡಕ್ಕೆ ತಿರುಗುವ ದೀಪ ಹಾಕಿದ್ದಾರೆ, ಮನೆಗೆ ಬಲಕ್ಕಲ್ಲವೇ ಹೋಗಬೇಕು, ಅಯ್ಯೋ ಇಲ್ಲ, ಮಗಳನ್ನು ಶಾಲೆಯಿಂದ ಕರೆದುಕೊಳ್ಳಬೇಕು, ಎಡವೇ ಸರಿ, ನನ್ನ ತಲೆಯೇ ನೆಟ್ಟಗಿಲ್ಲ, ಸಿಗ್ನಲ್ ಇನ್ನೂ ಕೆಂಪು, ಇವರು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟು ನೇರ ನೋಡುತ್ತಿದ್ದಾರೆ, ಇಷ್ಟು ಜೋಪಾನವಾಗಿ ಕಾರು ಓಡಿಸುವ ಗಂಡನಿಗೆ ಏನಾಗುತ್ತದೆ, ನಾನು ಹೆದರುತ್ತಿರುವುದು ಸುಮ್ಮನೆ — ಸುಮ್ಮನೆಯೇ? ಹಾಗಾದರೆ ಪೆನ್ನಿನ ಮುಚ್ಚಳ ಯಾಕೆ ಹಾಕಿದರು, ಟಕ್ ಅಂತ, ಸರಿಯಾಗಿ ಆ ಮಾತಿಗೇ? ಅರ್ಧ ಗಂಟೆಯ ಹಿಂದೆ ಆ ಹಣಕಾಸಿನ ಸಲಹೆಗಾರ್ತಿಯ ಮುಂದೆ ಕೂತಿದ್ದೆವು, ಗಾಜಿನ ಮೇಜು, ಧೂಳು ಹಿಡಿದ ಪ್ಲಾಸ್ಟಿಕ್ ಗಿಡ, ಮೈ ನಡುಗಿಸುವ ಎಸಿ, ಆಕೆ ಹೇಳಿದ್ದನ್ನೆಲ್ಲ ಇವರು ಬರೆದುಕೊಂಡರು, ವಿಲ್ ಬರೆಸಬೇಕು, ಬರೆದುಕೊಂಡರು, ವಿಮೆಯಲ್ಲಿ ಇನ್ನೂ ನಿಮ್ಮ ಅಮ್ಮನ ಹೆಸರೇ ಇದೆ ಸರ್, ಹೆಂಡತಿ ಹೆಸರಿಗೆ ಬದಲಾಯಿಸಿ, ಬರೆದುಕೊಂಡರು, ಕಂಪನಿಯ ಷೇರು ಕೈಗೆ ಬಂದ ದಿನವೇ ಅದನ್ನು ಸಂಬಳ ಅಂತ ಲೆಕ್ಕ ಹಿಡೀತಾರೆ, ತೆರಿಗೆ ಅಲ್ಲೇ ಕಟ್ ಆಗುತ್ತೆ, ಅದನ್ನೂ ಬರೆದು ಅಡಿಗೆರೆ ಎಳೆದರು. ಮದುವೆಯಾದ ಹೊಸದರಲ್ಲಿ ನಾನು ಹೇಳಿದ ತರಕಾರಿಗೂ ಒಂದು, ಎರಡು ಅಂತ ನಂಬರ್ ಹಾಕಿಕೊಂಡು ಹೋದ ಮನುಷ್ಯ, ಕೊತ್ತಂಬರಿ ಮರೆತು ಬಂದು, ನೀನು ಅದಕ್ಕೆ ನಂಬರ್ ಕೊಟ್ಟಿರಲಿಲ್ಲ ಕಣೇ ಅಂದವರು, ಎಷ್ಟು ನಕ್ಕಿದ್ದೆ ಆವತ್ತು. ಆ ಷೇರು, ಅದೇ ನಮ್ಮ ಕುತ್ತಿಗೆಗೆ ಬಂದಿರುವುದು, ನಾಲ್ಕು ವರ್ಷದಲ್ಲಿ ಕಂತು ಕಂತಾಗಿ ಕೊಡುತ್ತೇವೆ ಅಂತ ಕಂಪನಿ ಹೇಳಿತು, ಮುಕ್ಕಾಲು ಪಾಲು ಇನ್ನೂ ಬರಬೇಕು, ಅದನ್ನು ನಂಬಿ ಇಷ್ಟು ದೊಡ್ಡ ಫ್ಲ್ಯಾಟಿಗೆ ಸಾಲ ಮಾಡಿದೆವು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ರಲ್ಲ ರೀ ಅಂತ ಛೇಡಿಸಿದವಳೂ ನಾನೇ, ಬಾಲ್ಕನಿ ದೊಡ್ಡದೇ ಇರಲಿ ಎಂದು ಹಟ ಹಿಡಿದವಳೂ ನಾನೇ. ಈಗ ಆಫೀಸಿನಲ್ಲಿ ಇವರ ಸಾಲಿನ ಕುರ್ಚಿಗಳು ಒಂದೊಂದೇ ಖಾಲಿಯಾಗುತ್ತಿವೆ, ಪಕ್ಕದಲ್ಲಿ ಕೂರುತ್ತಿದ್ದ ಉದ್ದಪ್ಪನನ್ನು ಚಿಕ್ಕ ಕೋಣೆಗೆ ಕರೆದರಂತೆ, ಕಾಫಿ ಮಗ್ ಒಂದನ್ನೇ ಹಿಡಿದುಕೊಂಡು ಹೊರಗೆ ಬಂದನಂತೆ, ಅಷ್ಟು ಹೇಳಿದ ಮೇಲೆ ಇವರು ಆಫೀಸಿನ ಸುದ್ದಿಯನ್ನೇ ಬಿಟ್ಟುಬಿಟ್ಟರು. ನಾನೇ ಪೀಡಿಸಿ ಇವತ್ತು ಸಲಹೆಗಾರ್ತಿಯ ಹತ್ತಿರ ಕರೆತಂದೆ, ಭಯ ಹೋಗಲಿ ಅಂತ, ನೋಡು ಹೇಗೆ ಹೋಯಿತು. ಕೆಲಸದಿಂದ ತೆಗೆದರೆ ಬಾಕಿ ಷೇರು ಏನಾಗುತ್ತೆ ಎಂದು ಕೇಳಿದವಳು ನಾನು, ಹೋಯ್ತು ಅಂತಲೇ ಲೆಕ್ಕ, ಅಂದಳು ಆಕೆ, ಇವರು ಬರೆದುಕೊಂಡರು. ಆಮೇಲೆ ತಲೆ ಎತ್ತದೆ, ಸಕ್ಕರೆ ಎಷ್ಟು ಚಮಚ ಅಂತ ಕೇಳುವ ದನಿಯಲ್ಲೇ, ಸತ್ರೆ? ಆಕೆ ನಕ್ಕಳು, ಆಗ ಪೂರ್ತಿ ಒಟ್ಟಿಗೇ ನಿಮ್ಮ ಮನೆಯವರಿಗೆ ಸರ್, ನಿಮ್ಮ ಕಂಪನಿ ನಿಯಮದಲ್ಲೇ ಇದೆ. ಇವರು ಹೂಂ ಅಂದು ಪೆನ್ನಿಗೆ ಮುಚ್ಚಳ ಹಾಕಿದರು. ಟಕ್.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ, ಷೇರು ಸಿಕ್ಕ ದಿನ ಎದೆ ತಟ್ಟಿಕೊಂಡು ಹೇಳಿದ್ದರಲ್ಲ, ಇನ್ನು ನಾನು ಆನೆ ಕಣೇ ಅಂತ, ಈಗ ಇದ್ದರೆ ಸೊನ್ನೆ, ಸತ್ತರೆ ಸಾವಿರ — ಛೀ, ಬಿಡ್ತು ಅನ್ನು, ಎಂಥ ಮಾತು ಬರುತ್ತದೆ ಬಾಯಿಗೆ. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ಕೂರುವವಳು, ನೋವಾಗುತ್ತಾ, ಇಂಜೆಕ್ಷನ್ ಕೊಡ್ತಾರಾ ಅಂತ ಹತ್ತು ಸಲ ಕೇಳುವವರು ಹಲ್ಲು ಕೀಳಿಸಿಕೊಂಡು ನಗುತ್ತಾ ಹೋಗುತ್ತಾರೆ, ನಿಜವಾಗಿ ಹೆದರಿದವರು ಏನೂ ಕೇಳುವುದಿಲ್ಲ, ತೆಪ್ಪಗೆ ಕೂತಿರುತ್ತಾರೆ, ಇವರು ಈ ತಿಂಗಳೆಲ್ಲ ಹಾಗೇ ತೆಪ್ಪಗಿದ್ದಾರೆ, ಒಂದು ರೇಗಾಟವಿಲ್ಲ, ಒಂದು ಜಗಳವಿಲ್ಲ. ಮೊನ್ನೆ ಕರೆದು ನೀರಿನ ವಾಲ್ವ್ ಎಲ್ಲಿದೆ, ಹೇಗೆ ತಿರುಗಿಸಬೇಕು ತೋರಿಸಿದರು, ಬ್ಯಾಂಕಿನ ಪಾಸ್‌ವರ್ಡ್ ನನ್ನಿಂದಲೇ ಒತ್ತಿಸಿದರು, ಏನ್ರೀ, ಸನ್ಯಾಸ ತಗೊಳ್ತೀರಾ ಅಂತ ನಕ್ಕೆ, ನಗಬಾರದಿತ್ತು, ಆಗಲೇ ಕೈ ಹಿಡಿದು ಕೂರಿಸಿಕೊಳ್ಳಬೇಕಿತ್ತು. ಇಬ್ಬರೂ ಇಲ್ಲದೇ ಹೋದ್ರೆ ಮಗಳು ಯಾರ ಹತ್ತಿರ ಇರಬೇಕು ಅಂತ ಆಕೆ ಕೇಳಿದಳು, ನಾನು ಅಕ್ಕನ ಹೆಸರು ಹೇಳುವಷ್ಟರಲ್ಲಿ ಇವರು, ಇವಳು ಇರ್ತಾಳಲ್ಲ, ಅಂದರು, ಇವಳು ಇರ್ತಾಳಲ್ಲ, ಅಂದರೆ ಯಾರು ಇರುವುದಿಲ್ಲ? ನನಗೆ ಭಯವಾಗುತ್ತಿದೆ, ಕೇಳಿಬಿಡಲೇ, ಕೇಳಿದರೆ ಆ ಯೋಚನೆಗೆ ನಾನೇ ಬಾಗಿಲು ತೆಗೆದಂತಾಗುತ್ತದೆಯೇ, ಅದು ಆಗಲೇ ಒಳಗೆ ಬಂದು ಕೂತಿದ್ದರೆ ಬಾಗಿಲಿನ ಮಾತೇನು. ರೀ, ಅಂದೆ. ಹೂಂ? ನಾಳೆನೇ ಕೆಲಸ ಬಿಟ್ಬಿಡಿ. ಅವರು ನಕ್ಕರು, ತುಟಿ ಮಾತ್ರ, ಹುಚ್ಚಾ ನಿಂಗೆ, ಬಿಟ್ರೆ ಒಂದು ಷೇರೂ ಸಿಗಲ್ಲ. ಸಿಗದಿದ್ರೆ ಬೇಡ, ಮನೆ ಮಾರೋಣ, ಎರಡು ಕೋಣೆಯ ಬಾಡಿಗೆ ಮನೆ ಸಾಕು, ಬಾಲ್ಕನಿ ಬೇಡ, ನೀವಿರಿ. ದನಿ ನಡುಗಿತು, ನಡುಗಲಿ, ಕೇಳಿಸಲಿ. ಸ್ಟೀರಿಂಗ್ ಹಿಡಿದಿದ್ದ ಅವರ ಕೈ ಮೇಲೆ ನನ್ನ ಕೈ ಇಟ್ಟೆ, ತಣ್ಣಗಿದೆ, ಆ ಕೋಣೆಯ ಎಸಿ ಇನ್ನೂ ಅಲ್ಲೇ ಇದ್ದಂತೆ, ಟಿಕ್ ಟಿಕ್ ಟಿಕ್, ಹಿಂದಿನವನು ಹಾರ್ನ್ ಮಾಡುತ್ತಿದ್ದಾನೆ, ಹಸಿರು ಬಂದಿದೆ, ಕಾರು ಕದಲಿಲ್ಲ. ಎಲ್ಲಾ ಬರ್ಕೊಂಡ್ರಿ, ಅಂದೆ, ಅದೊಂದನ್ನ ಯಾಕೆ ಬರ್ಕೊಳ್ಳಲಿಲ್ಲ? ಯಾವುದನ್ನ ಅಂತ ಕೇಳಲಿಲ್ಲ ಅವರು, ಯಾವುದನ್ನ ಅಂತ ಕೇಳಿದ್ದರೆ ಬದುಕಿಕೊಳ್ಳುತ್ತಿದ್ದೆ. ಅದು ಗೊತ್ತಿತ್ತು, ಅಂದರು. ಗೊತ್ತಿತ್ತು, ಯಾವತ್ತಿನಿಂದ, ಯಾವ ರಾತ್ರಿ ನನ್ನ ಪಕ್ಕದಲ್ಲೇ ಮಲಗಿ ಓದಿದಿರಿ ಅದನ್ನು, ಹಾರ್ನ್, ಹಾರ್ನ್, ಜೇಬಿನಲ್ಲಿ ಆ ಪೆನ್ನು, ಮುಚ್ಚಳ ಬಿಗಿಯಾಗಿ ಕೂತಿದೆ, ಟಕ್, ಆ ಪೆನ್ನು, ಆ ಮುಚ್ಚಳ —