ಹಾಜರಾತಿ ಇಲ್ಲದ ಕಾರ್ಯಕ್ರಮ

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಕಾರಿಡಾರಿನ ಸ್ಪೀಕರುಗಳು ಒಂದ್ಸಲ ಕರ್ರ್ ಅಂತಿದ್ವು, ಆಮೇಲೆ ಮಂಜುಶ್ರೀ ದನಿ ಶುರುವಾಗ್ತಿತ್ತು. "ವಿದ್ಯಾರ್ಥಿಗಳ ಗಮನಕ್ಕೆ. ಇಂದಿನ ಸೂಚನೆಗಳು. ಬಸ್ ಪಾಸ್ ಅರ್ಜಿ ಕೊಡೋಕೆ ಇವತ್ತೇ ಕೊನೇ ದಿನ. ಹನ್ನೊಂದೂವರೆಗೆ ಸೆಮಿನಾರ್ ಹಾಲಿನಲ್ಲಿ ಮಣ್ಣಿನ ಆರೋಗ್ಯದ ಬಗ್ಗೆ ವಿಶೇಷ ಉಪನ್ಯಾಸ. ಆಸಕ್ತರು ಭಾಗವಹಿಸಬಹುದು. ಭಾಗವಹಿಸಿದವರಿಗೆ ಹಾಜರಾತಿ ನೀಡಲಾಗುವುದು."

ಈ ಕೊನೇ ಸಾಲು ಇದೆಯಲ್ಲ, ಅದೇ ಆ ಯೂನಿವರ್ಸಿಟಿಯ ಪ್ರಾಣ. ಯಾವ ಕಾರ್ಯಕ್ರಮಕ್ಕೆ ಹೋಗಿ ಸಹಿ ಹಾಕಿದ್ರೂ ಆ ಪೀರಿಯಡ್ಡಿನ ಹಾಜರಾತಿ ಸಿಗುತ್ತೆ. ಅದಕ್ಕೇ ಮಣ್ಣು ಅಂದ್ರೆ ಮೂಗು ಮುರಿಯೋರೂ ಮಣ್ಣಿನ ಆರೋಗ್ಯ ಕೇಳೋಕೆ ಹಾಲ್ ತುಂಬ್ತಿದ್ರು. ಸಹಿ ಹಾಳೆ ತಮ್ಮ ಬೆಂಚು ದಾಟಿದ ತಕ್ಷಣ ಒಬ್ಬೊಬ್ಬರೇ ಹಿಂದಿನ ಬಾಗಿಲಿಂದ ಜಾರ್ಕೊಳ್ತಿದ್ರು.

ಮಂಜುಶ್ರೀ ಭದ್ರಾವತಿ ಹುಡುಗಿ. ಎಂಎ ಅರ್ಥಶಾಸ್ತ್ರಕ್ಕೆ ಸೀಟು ಸಿಕ್ಕಿದ್ದು ಮೂರನೇ ಲಿಸ್ಟಲ್ಲಿ. ಅಷ್ಟೊತ್ತಿಗೆ ಕ್ಲಾಸು ಶುರುವಾಗಿ ಒಂದೂವರೆ ತಿಂಗಳಾಗಿತ್ತು. ಯಾರ ಪಕ್ಕ ಯಾರು ಕೂರೋದು, ಯಾರ ಡಬ್ಬಿಲಿ ಯಾರು ಕೈ ಹಾಕೋದು, ಯಾರ ಸ್ಕೂಟರಲ್ಲಿ ಯಾರು ಹಿಂದೆ, ಎಲ್ಲಾ ಇತ್ಯರ್ಥ ಆಗ್ಬಿಟ್ಟಿತ್ತು. ಯಾರೂ ಅವಳನ್ನ ಬೇಡ ಅನ್ಲಿಲ್ಲ. ಕೇಳಿದ್ರೆ ನೋಟ್ಸ್ ಕೊಡ್ತಿದ್ರು, ನಕ್ಕರೆ ನಗ್ತಿದ್ರು. ಆದ್ರೆ ಅವಳು ಬಂದ್ಲು ಅಂತ ಜರುಗಿ ಕೂತು ಜಾಗ ಮಾಡಿಕೊಟ್ಟೋರು ಒಬ್ರೂ ಇಲ್ಲ. ಎರಡು ತಿಂಗಳಿಂದ ಲೈಬ್ರರಿ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಚಿತ್ರಾನ್ನ ತಿನ್ನೋದು, ನೀರು ಕುಡಿಯೋದು, ಡಬ್ಬಿ ಮುಚ್ಚೋದು. ಹತ್ತು ನಿಮಿಷಕ್ಕೆ ಊಟ ಮುಗಿದು ಇನ್ನೂ ಐವತ್ತು ನಿಮಿಷ ಉಳೀತಿತ್ತು.

ಮೈಕು ಸಿಕ್ಕಿದ್ದೂ ಹಿಂಗೇ. ಐಡಿ ಕಾರ್ಡಿಗೆ ಅಂತ ಆಫೀಸಿಗೆ ಹೋದಾಗ ಹೊತ್ತು ಹೋಗದೆ ಗೋಡೆ ಮೇಲಿನ ನೋಟೀಸುಗಳನ್ನ ಮೆಲ್ಲಗೆ ಓದ್ಕೊಳ್ತಾ ನಿಂತಿದ್ಲು. ಸೂಪರಿಂಟೆಂಡೆಂಟ್ ಏಕಾಂತಪ್ಪ ಕನ್ನಡಕದ ಮೇಲಿಂದ ನೋಡಿ, "ಏನಮ್ಮ, ಉಚ್ಚಾರಣೆ ಚೆನ್ನಾಗಿದೆಯಲ್ಲ? ಸೂಚನೆ ಓದ್ತಿದ್ದ ಹುಡುಗ ಪಾಸಾಗಿ ಹೋದ. ನಾನೇ ಓದಿದ್ರೆ ಯಾರೋ ತೀರ್ಕೊಂಡಿದ್ದಾರೆ ಅಂದ್ಕೊಂಡು ಎಲ್ರೂ ಎದ್ದು ನಿಲ್ತಾರೆ. ನೀನು ಓದ್ತೀಯಾ?" ಅಂದ್ರು.

ಓದಿದ್ಲು. ಅವತ್ತಿಂದ ಮೂರು ಸಾವಿರ ಜನಕ್ಕೆ ಅವಳ ದನಿ ಗೊತ್ತು. ಕ್ಯಾಂಟೀನಲ್ಲಿ "ಅಣ್ಣ, ಒಂದು ಟೀ" ಅಂದ್ರೆ ನಾಲ್ಕು ತಲೆ ತಿರುಗ್ತಿದ್ವು. "ಏಯ್, ಅನೌನ್ಸ್‌ಮೆಂಟು ಕಣೋ!" ಅಂತ ಒಬ್ಬ ಅಂದ್ರೆ ಇನ್ನೊಬ್ಬ, "ಟೀ ಕುಡಿದವರಿಗೆ ಹಾಜರಾತಿ ಇದೆಯೇನ್ರೀ?" ಅಂತಿದ್ದ. ಅವಳು ನಗ್ತಿದ್ಲು. ಅವರೂ ನಕ್ಕು ಮತ್ತೆ ತಮ್ಮ ಟೇಬಲ್ ಕಡೆ ತಿರುಗಿಬಿಡ್ತಿದ್ರು.

ದಿನಾ ಸಂಜೆ ಭದ್ರಾವತಿ ಬಸ್ಸು ಮಾಚೇನಹಳ್ಳಿ ದಾಟ್ತಿತ್ತು. ಅಲ್ಲೇ ಅವಳ ಸೋದರಮಾವ ಕರಿಯಣ್ಣನ ಲೇತ್ ವರ್ಕ್‌ಶಾಪು. ಒಂದು ಭಾನುವಾರ ಮಾವ ಮನೆಗೇ ಬಂದಿದ್ರು. "ಆಫೀಸಲ್ಲಿ ಕಂಪ್ಯೂಟರ್ ಮುಂದೆ ಕೂರೋಕೆ ಒಬ್ರು ಬೇಕು ಕಣೇ ಮಂಜು. ಹೊರಗಿನೋರನ್ನ ಹುಡುಕೋ ಬದ್ಲು ನೀನೇ ಬಾ. ಎಂಎ ಮುಗಿಸಿ ಏನ್ ಮಾಡ್ತೀಯ? ಕೊನೆಗೆ ಇದೇ ತಾನೇ? ಶನಿವಾರದೊಳಗೆ ಹೇಳು, ಸೋಮವಾರದಿಂದ ಬಂದ್ಬಿಡು."

ಮಾವ ಹೋದ್ಮೇಲೆ ಅಮ್ಮ, "ಅಲ್ಲಿ ನಿಂಗೆ ಯಾರಾದ್ರೂ ಆಗಿದ್ದಾರೇನೇ?" ಅಂತ ಕೇಳಿದ್ರು. "ಹೂಂ, ತುಂಬಾ ಜನ" ಅಂದ್ಲು ಮಂಜುಶ್ರೀ. ಅಮ್ಮ ಹೆಸರು ಕೇಳ್ತಾರೇನೋ ಅಂತ ಹೆದರಿ ಬಟ್ಟೆ ಒಣಗಿಸೋಕೆ ಹೊರಗೆ ಹೋದ್ಲು.

ಅಲ್ಲೇ, ಬಟ್ಟೆ ಹಿಂಡ್ತಾ ನಿಂತಾಗ್ಲೇ ಅವಳಿಗೆ ಆ ಐಡಿಯಾ ಬಂದಿದ್ದು.

ಅವಳಿಗೆ ಅಳಗುಳಿಮಣೆ ಆಡೋದು ಗೊತ್ತು. ಗೊತ್ತು ಅಂದ್ರೆ ಭಯಂಕರ ಗೊತ್ತು. ಹಿಂದಿನ ಬೀದಿಯಲ್ಲಿದ್ದ ತಮಿಳು ಅಜ್ಜಿ, ಎಲ್ರಿಗೂ 'ಪಾಟ್ಟಿ', ಕಲಿಸಿದ್ದು. ಹದಿನಾಲ್ಕು ಗುಳಿಯ ಮರದ ಮಣೆ, ಹುಣಸೆಬೀಜ, ಎದುರಾಬದುರಾ ಇಬ್ರು. ಬೀಜ ಎತ್ತಿ ಒಂದೊಂದೇ ಗುಳಿಗೆ ಹಾಕ್ತಾ ಹೋಗೋದು, ಖಾಲಿ ಗುಳಿ ಬಂದ್ರೆ ಮುಂದಿನದು ಬಾಚ್ಕೊಳ್ಳೋದು. ಪಾಟ್ಟಿ ಮಗಳ ಮನೆಗೆ ಸೇಲಂಗೆ ಹೋಗೋವಾಗ ಮಣೆ ಇವಳಿಗೇ ಬಿಟ್ಟು ಹೋಗಿದ್ರು. ಒಬ್ಳೇ ಎರಡೂ ಕಡೆ ಕೂತು ಆಡಿ ನೋಡಿದ್ಲು, ಸರಿಹೋಗ್ಲಿಲ್ಲ. ಎದುರಿಗಿರೋರು ಏನ್ ಮಾಡ್ತಾರೆ ಅನ್ನೋದು ಮೊದಲೇ ಗೊತ್ತಿದ್ರೆ ಅದೆಂಥ ಆಟ?

ಶುಕ್ರವಾರ ಒಂದು ಕಾರ್ಯಕ್ರಮ ಇಡೋದು. ಒಬ್ರು, ಒಬ್ಬರೇ ಒಬ್ರು ಎದುರಿಗೆ ಕೂತು ಒಂದಾಟ ಆಡಿದ್ರೆ ಎಂಎ. ಯಾರೂ ಆಡ್ಲಿಲ್ಲ ಅಂದ್ರೆ ಸೋಮವಾರದಿಂದ ಮಾಚೇನಹಳ್ಳಿ. ಹಂಗಂತ ತನಗೆ ತಾನೇ ಮಾತು ಕೊಟ್ಕೊಂಡ್ಲು.

ಯಾವ ಸೂಚನೆ ಓದ್ಬೇಕಾದ್ರೂ ಡಿಪಾರ್ಟ್‌ಮೆಂಟಿನ ಪತ್ರ ಬರ್ಬೇಕು, ಅದರ ಮೇಲೆ ಸೀಲಿರ್ಬೇಕು, ಏಕಾಂತಪ್ಪ ರಿಜಿಸ್ಟರಲ್ಲಿ ನಂಬರ್ ಹಾಕ್ಬೇಕು. ಆದ್ರೆ ಶುಕ್ರವಾರ ಏಕಾಂತಪ್ಪ ರಜ ಹಾಕಿ ಕುಂಸಿಗೆ ಯಾರದೋ ನಾಮಕರಣಕ್ಕೆ ಹೋಗಿದ್ರು. ಮಂಜುಶ್ರೀ ಎಲ್ಲಾ ಸೂಚನೆ ಓದಿ, ಕೊನೆಗೆ ಉಸಿರು ಎಳ್ಕೊಂಡು, "ದೇಸಿ ಆಟಗಳ ವೇದಿಕೆ ವತಿಯಿಂದ ಇಂದು ಮಧ್ಯಾಹ್ನ ಮೂರೂವರೆಗೆ ಹನ್ನೆರಡನೇ ಕೊಠಡಿಯಲ್ಲಿ ಅಳಗುಳಿಮಣೆ ಆಟ. ಆಸಕ್ತರು ಭಾಗವಹಿಸಬಹುದು" ಅಂದ್ಲು.

ಅಲ್ಲಿಗೆ ನಿಲ್ಲಿಸಿದ್ರೆ ಆಗ್ತಿತ್ತು. ಆದ್ರೆ ಎರಡು ತಿಂಗಳು ದಿನಾ ಹೇಳಿ ಹೇಳಿ ನಾಲಿಗೆಗೆ ಅದೇ ದಾರಿ ರೂಢಿಯಾಗಿಬಿಟ್ಟಿತ್ತು. "ಭಾಗವಹಿಸಿದವರಿಗೆ ಹಾಜರಾತಿ ನೀಡಲಾಗುವುದು." ಹೇಳಿದ್ದು ಗೊತ್ತಾಗಿದ್ದು ಮೈಕ್ ಆಫ್ ಮಾಡಿದ ಮೇಲೆ.

ಮೂರೂವರೆಗೆ ನೂರಾ ನಲವತ್ತು ಜನ ಬಂದ್ರು.

ಬೆಂಚು ಸಾಲದೆ ಕಿಟಕಿ ಕಟ್ಟೆ ಮೇಲೂ ಕೂತ್ರು. ಮಂಜುಶ್ರೀ ಮುಂದಿನ ಟೇಬಲ್ ಮೇಲೆ ಮಣೆ ಬಿಚ್ಚಿಟ್ಟು, ಎರಡು ಕುರ್ಚಿ ಎದುರಾಬದುರಾ ಹಾಕಿ, ಒಂದರಲ್ಲಿ ತಾನು ಕೂತಿದ್ಲು. "ನಮಸ್ಕಾರ. ಈ ಆಟ ಇಬ್ರು ಆಡೋದು. ಮೊದಲು ಒಂದೊಂದು ಗುಳಿಗೆ..." ಅಂತ ಶುರು ಮಾಡಿದ್ಲು.

"ಮೇಡಂ, ಶೀಟು?" ಹಿಂದಿನಿಂದ ಒಬ್ಬ.

"ಯಾವ ಶೀಟು?"

"ಸಹಿ ಶೀಟು ಮೇಡಂ. ನಾಲ್ಕು ಗಂಟೆಗೆ ಬಸ್ಸಿದೆ."

"ಮೊದಲು ಆಟ ನೋಡ್ರಿ, ಆಮೇಲೆ..."

"ಹಾಳೆ ಕೊಡ್ರಿ, ನಾವೇ ಗೆರೆ ಹಾಕ್ಕೊಳ್ತೀವಿ. ನೀವು ಆಡ್ತಿರಿ" ಅಂದ ಇನ್ನೊಬ್ಬ, ತುಂಬಾ ಉಪಕಾರ ಮಾಡೋನ ಹಾಗೆ.

ನೋಟ್‌ಬುಕ್ಕಿಂದ ಐದು ಹಾಳೆ ಹರಿದು ಕೊಟ್ಲು. ಹಾಳೆ ಒಂದು ಸಾಲು ದಾಟಿದ ಹಾಗೆ ಆ ಸಾಲು ಎದ್ದು ಹೋಯ್ತು. ಇಬ್ರು ಹುಡುಗೀರು ಮಾತ್ರ ಟೇಬಲ್ ಹತ್ರ ಬಂದ್ರು. ಮಂಜುಶ್ರೀ ಬೀಜ ಹಂಚೋಕೆ ಕೈ ಹಾಕಿದ್ಲು. "ಅಯ್ಯೋ ನಮ್ಮಜ್ಜಿ ಹತ್ರ ಇತ್ತು ಕಣೇ ಇದು, ಎಷ್ಟ್ ಕ್ಯೂಟ್" ಅಂದ್ಲು ಒಬ್ಳು. ಇನ್ನೊಬ್ಳು ಮಣೆ ಜೊತೆ ಸೆಲ್ಫಿ ತಗೊಂಡ್ಲು. ಫೋಟೋದಲ್ಲಿ ಬರದೇ ಇರ್ಲಿ ಅಂತ ಮಂಜುಶ್ರೀಗೆ "ಸ್ವಲ್ಪ ಪಕ್ಕಕ್ಕೆ ಸರೀರಿ" ಅಂದ್ಲು. ಅವರೂ ಹೋದ್ರು.

ನಾಲ್ಕಕ್ಕೆ ಐದು ನಿಮಿಷ ಇರೋವಾಗ ರೂಮಲ್ಲಿ ಅವಳು, ಹದಿನಾಲ್ಕು ಗುಳಿ, ನೂರಾ ನಲವತ್ತು ಸಹಿ. ಐದೂವರೆವರೆಗೂ ಕೂತಿದ್ಲು. ಎದುರು ಕುರ್ಚಿಗೆ ಯಾರೂ ಬರ್ಲಿಲ್ಲ.

ಶನಿವಾರ ಬೆಳಿಗ್ಗೆ ಏಕಾಂತಪ್ಪ ಕುಂಸಿಯಿಂದ ತಂದ ಲಾಡು ಹಂಚೋದನ್ನೂ ಮರೆತು ಕೂಗಾಡ್ತಿದ್ರು. "ನಿನ್ನ ಸಹಿ ಹಾಳೆ ನೋಡಿ ಎಂಟು ಗಂಟೆಯಿಂದ ಆರು ಡಿಪಾರ್ಟ್‌ಮೆಂಟಿನ ಫೋನು ಕಣಮ್ಮ! ದೇಸಿ ಆಟಗಳ ವೇದಿಕೆ ಅಂದ್ರೆ ಯಾವುದ್ರೀ, ಸಂಚಾಲಕರು ಯಾರ್ರೀ ಅಂತಾರೆ. ಏನ್ ಹೇಳ್ಲಿ? ವೇದಿಕೆ ನನ್ನ ಟೇಬಲ್ ಮುಂದೆ ಬ್ಯಾಗು ತಬ್ಕೊಂಡು ನಿಂತಿದೆ ಅಂತ ಹೇಳ್ಲಾ?"

"ತಪ್ಪಾಯ್ತು ಸಾರ್."

"ಯಾಕ್ ಮಾಡ್ದೆ?"

ಹೇಳಿದ್ಲು. ಮಣೆ, ಪಾಟ್ಟಿ, ಲೈಬ್ರರಿ ಮೆಟ್ಟಿಲು. ಮಾವನ ವಿಷಯ ಮಾತ್ರ ಬಿಟ್ಟು ಎಲ್ಲಾ. ಏಕಾಂತಪ್ಪ ಕನ್ನಡಕ ತೆಗೆದು ಒರೆಸಿದ್ರು, ಮತ್ತೆ ಹಾಕ್ಕೊಂಡ್ರು.

"ಅಲ್ಲ ಮಾರಾಯ್ತಿ, ಪಕ್ಕದ ಬೆಂಚಿನೋರ್ನ ಕೇಳೋದು ಬಿಟ್ಟು ಇಡೀ ಕ್ಯಾಂಪಸ್ಸಿಗೆ ಕೇಳಿದ್ಯಲ್ಲ..." ಅಂದ್ರು. ದನಿ ಇಳಿದಿತ್ತು. "ಹಾಜರಾತಿ ರದ್ದು ಮಾಡ್ಲೇಬೇಕು, ಅದು ನನ್ನ ಕೈಲಿಲ್ಲ. ನೀನೇ ಓದು. ನಾನು ಓದಿದ್ರೆ ನಿನ್ನ ಮೇಲೆ ಇನ್ನೇನೋ ಕಥೆ ಕಟ್ತಾರೆ."

ಹತ್ತೂ ಇಪ್ಪತ್ತಕ್ಕೆ ಓದಿದ್ಲು. "ನಿನ್ನೆಯ ಅಳಗುಳಿಮಣೆ ಕಾರ್ಯಕ್ರಮಕ್ಕೆ ಅನುಮತಿ ಇರಲಿಲ್ಲ. ಅದರ ಹಾಜರಾತಿ ರದ್ದಾಗಿದೆ." ಹಾಳೆಯಲ್ಲಿ ಇದ್ದದ್ದು ಅಷ್ಟೇ. ಮೈಕ್ ಆಫ್ ಮಾಡೋ ಗುಂಡಿ ಮೇಲೆ ಬೆರಳಿಟ್ಲು, ಒತ್ತಲಿಲ್ಲ. "ಆ ವೇದಿಕೆ ಅಂತ ಯಾವುದೂ ಇಲ್ಲ. ನಾನೊಬ್ಳೇ. ನಂಗೆ ಇಲ್ಲಿ ಯಾರೂ ಪರಿಚಯ ಇಲ್ಲ, ಅದಕ್ಕೆ ಹಂಗೆ ಮಾಡ್ದೆ. ಇವತ್ತು ಎರಡು ಗಂಟೆಗೆ ಅದೇ ರೂಮಲ್ಲಿ ಇರ್ತೀನಿ. ಹಾಜರಾತಿ ಇಲ್ಲ."

ಏಕಾಂತಪ್ಪ ಫೈಲಿಂದ ತಲೆ ಎತ್ತಲೇ ಇಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

ಶನಿವಾರ ಅರ್ಧ ದಿನ. ಒಂದೂವರೆಗೆ ಕ್ಯಾಂಪಸ್ಸು ಬರಿದಾಗಿಬಿಡುತ್ತೆ. ಎರಡಾಯ್ತು. ಎರಡೂಕಾಲು. ಯಾರೋ ಓಡಾಡಿದ ಸದ್ದಾಗಿ ಮಂಜುಶ್ರೀ ಬೆನ್ನು ನೆಟ್ಟಗೆ ಮಾಡ್ಕೊಂಡ್ಲು. ಕಸ ಗುಡಿಸೋರು, ಮುಂದೆ ಹೋದ್ರು. ಮೂರಕ್ಕೆ ಮಾವನಿಗೆ ಫೋನ್ ಮಾಡೋದು ಅಂತ ಲೆಕ್ಕ ಹಾಕಿ ಬೀಜ ಎಲ್ಲ ಬಟ್ಟೆಚೀಲಕ್ಕೆ ತುಂಬೋಕೆ ಶುರು ಮಾಡಿದ್ಲು.

ಆಗ ಬಾಗಿಲು ದಡಾರ್ ಅಂತ ತೆರೀತು.

"ನೀವೇನಾ ಅನೌನ್ಸ್‌ಮೆಂಟು?"

ಹುಡುಗಿ, ದುಪಟ್ಟಾ ಅರ್ಧ ಜಾರಿದೆ, ಕೈಲಿ ಸ್ಕೂಟರ್ ಕೀ. ಮಂಜುಶ್ರೀ ಎದ್ದು ನಿಂತ್ಲು. "ಹೂಂ. ಬನ್ನಿ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ ರೀ. ಬಯ್ಯೋಕೆ ಬಂದಿದ್ದೀನಿ." ಹಂಗಂದು ಕೂತೇಬಿಟ್ಲು, ಎದುರು ಕುರ್ಚಿಲೇ. "ಎಪ್ಪತ್ನಾಲ್ಕು ಪಾಯಿಂಟ್ ಎಂಟು ನಂದು. ಎಪ್ಪತ್ತೈದು ಆಗ್ಲಿಲ್ಲ ಅಂದ್ರೆ ಪರೀಕ್ಷೆಗೆ ಕೂರ್ಸಲ್ಲ. ನಿನ್ನೆ ನಿಮ್ಮ ಆ ಹುಣಸೆಬೀಜದ ಕಾರ್ಯಕ್ರಮದಿಂದ ಸರಿಹೋಯ್ತು ಅಂತ ರವೀಂದ್ರನಗರದಲ್ಲಿ ಮನೆಗೆಲ್ಲಾ ಜಾಮೂನ್ ಮಾಡ್ಸಿದ್ದೀನಿ. ಇವತ್ತು ಎಚ್‌ಒಡಿ ನನ್ನ ಮುಂದೇನೇ ಆ ಹಾಜರಾತಿನ ಕೆಂಪು ಪೆನ್ನಲ್ಲಿ ಹೊಡೆದಾಕಿದ್ರು!"

"ಕ್ಷಮಿಸಿ. ನಾನು ಬೇಕಂತ..."

"ಬೇಕಂತ ಮಾಡ್ಲಿಲ್ಲ ಅಂದ್ರೆ ಶೀಟ್ ಯಾಕ್ ಕೊಟ್ರಿ?"

"ಎಲ್ರೂ ಕೇಳಿದ್ರಲ್ಲ."

"ಕೇಳಿದ್ರೆ ಕೊಟ್ಬಿಡೋದಾ? ಇಲ್ಲ ಅನ್ನೋಕೆ ಬರಲ್ವಾ ನಿಂಗೆ? ಬಾಯಿ ಇಲ್ವಾ? ಮೈಕಲ್ಲಿ ಇಷ್ಟುದ್ದ ಮಾತಾಡ್ತೀಯ!" 'ನೀವು' ಹೋಗಿ 'ನೀನು' ಬಂದಿದ್ದು ಅವಳಿಗೆ ಗೊತ್ತೇ ಆಗ್ಲಿಲ್ಲ. ಮಂಜುಶ್ರೀಗೆ ಗೊತ್ತಾಯ್ತು.

ಹಂಗೇ ಇಪ್ಪತ್ತು ನಿಮಿಷ ಬೈದ್ಲು. ಮಧ್ಯದಲ್ಲಿ ಗಂಟಲು ಒಣಗಿ ಮಂಜುಶ್ರೀಯ ಬಾಟಲೀನೇ ತಗೊಂಡು ನೀರು ಕುಡಿದ್ಲು, ಮುಚ್ಚಳ ಹಾಕಿ ಮತ್ತೆ ಬೈದ್ಲು. ಜ್ವರ ಬಂದು ಹನ್ನೊಂದು ದಿನ ಕ್ಲಾಸು ತಪ್ಪಿದ್ದು, ಲ್ಯಾಬ್ ಪಾರ್ಟ್‌ನರ್ ಕೈ ಕೊಟ್ಟಿದ್ದು, ಅಪ್ಪ ಮಾತು ಬಿಟ್ಟಿದ್ದು ಎಲ್ಲಾ ಬಂತು. ಮಂಜುಶ್ರೀ ಕೈ ಕಟ್ಕೊಂಡು ಕೇಳ್ತಾ ಕೂತಿದ್ಲು. ಈ ಕ್ಯಾಂಪಸ್ಸಲ್ಲಿ ಅವಳ ಜೊತೆ ಯಾರೂ ಒಂದೇ ಸಮನೆ ಇಷ್ಟೊತ್ತು ಮಾತಾಡಿರ್ಲಿಲ್ಲ. ಕಣ್ಣಲ್ಲಿ ನೀರು ಬಂತು.

"ಅಳ್ಬೇಡ ಈಗ. ಅತ್ರೆ ನಾನು ಬಿಟ್ಬಿಡ್ತೀನಿ ಅಂದ್ಕೊಂಡ್ಯಾ?"

"ಇಲ್ಲ. ಬಿಡ್ಬೇಡಿ" ಅಂದ್ಲು ಮಂಜುಶ್ರೀ.

ಹುಡುಗಿ ನೀರಿನ ಬಾಟಲಿನ ಅವಳ ಕಡೆ ತಳ್ಳಿದ್ಲು.

"ಒಂದಾಟ..." ಅಂತ ಮಂಜುಶ್ರೀ ಮಣೆ ಕಡೆ ಕೈ ತೋರಿಸಿದ್ಲು.

"ತಮಾಷೆನಾ? ಅದನ್ನ ನೋಡಿದ್ರೇನೇ ಮೈ ಉರಿಯುತ್ತೆ ನಂಗೆ." ಎದ್ದು ದುಪಟ್ಟಾ ಸರಿಮಾಡ್ಕೊಂಡ್ಲು. "ಸೋಮವಾರ ಹತ್ತು ಗಂಟೆಗೆ ಕೆಮಿಸ್ಟ್ರಿ ಬ್ಲಾಕಿನ ಮೆಟ್ಟಿಲ ಹತ್ರ ಬಾ. ನಮ್ಮ ಎಚ್‌ಒಡಿ ಮುಂದೆ ನಿಂತು ತಪ್ಪೆಲ್ಲಾ ನಂದು, ಇವಳದೇನಿಲ್ಲ ಅಂತ ಹೇಳ್ಬೇಕು. ಅವರು ಒಂದೇ ದಿನಕ್ಕೆ ಒಪ್ಪಲ್ಲ, ಮಂಗಳವಾರನೂ ಬರ್ಬೇಕು. ಒಪ್ಪೋವರೆಗೂ ಬರ್ಬೇಕು. ಹೆಸ್ರೇನು ನಿಂದು, ಯಾವೂರು?"

"ಮಂಜುಶ್ರೀ. ಭದ್ರಾವತಿ."

"ನಾನು ಸೌಂದರ್ಯ. ನಂಬರ್ ಹೇಳು. ಬರ್ದಿದ್ರೆ ನೋಡು, ಭದ್ರಾವತಿಗೇ ಬಂದು ಬೀದೀಲಿ ನಿಂತು ಬೈತೀನಿ."

ಸ್ಕೂಟರ್ ಗೇಟಿನ ಕಡೆ ಹೋದ ಸದ್ದು ಪೂರ್ತಿ ಅಡಗೋವರೆಗೂ ಮಂಜುಶ್ರೀ ನಿಂತೇ ಇದ್ಲು. ಆಟ ಅಂತೂ ಯಾರೂ ಆಡ್ಲಿಲ್ಲ. ಕೊಟ್ಕೊಂಡ ಮಾತಿನ ಪ್ರಕಾರ ಮಾಚೇನಹಳ್ಳಿಗೇ ಹೋಗ್ಬೇಕು. ಬಸ್ ಸ್ಟಾಪಲ್ಲಿ ಅವಳೊಬ್ಳೇ. ಫೋನ್ ತೆಗೆದು ಮಾವನ ನಂಬರ್ ಒತ್ತಿದ್ಲು.

"ಏನಮ್ಮ, ಸೋಮವಾರ ಬರ್ತೀಯ ತಾನೇ?" ಮಾವನ ಹಿಂದೆ ಲೇತ್ ಸದ್ದು.

"ಸೋಮವಾರ ಆಗಲ್ಲ ಮಾವ."

"ಸರಿ, ಮಂಗಳವಾರ?"

"ಮಂಗಳವಾರನೂ ಆಗಲ್ಲ. ನೀವು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

"ಯಾಕೇ, ಪರೀಕ್ಷೆ ಏನಾದ್ರೂ ಇದೆಯಾ?"

"ಇಲ್ಲ ಮಾವ. ಇಲ್ಲಿ ಒಬ್ಳು ಕಾಯ್ತಿರ್ತಾಳೆ, ನಾನು ಹೋಗ್ಲಿಲ್ಲ ಅಂದ್ರೆ ಬೈತಾಳೆ."

"ಯಾರದು?"

ಬಸ್ಸು ಬಂತು. ಒಂದು ಕೈಲಿ ಕಂಬಿ ಹಿಡಿದು ಹತ್ತುತ್ತಾ, ಇನ್ನೊಂದು ಕೈಲಿ ಫೋನ್ ಕಿವಿಗೆ ಒತ್ಕೊಂಡು ಮಂಜುಶ್ರೀ ಹೆಸರು ಹೇಳಿದ್ಲು. ಲೇತ್ ಸದ್ದಲ್ಲಿ ಮಾವನಿಗೆ ಕೇಳಿಸ್ಲಿಲ್ಲ. ಅವಳು ಜೋರಾಗಿ ಇನ್ನೊಂದ್ಸಲ ಹೇಳಿದ್ಲು.